ಕೆಳಗಿನ ಕೇರಿಯ ತೊಂಬತ್ತು ದಿನ

ಬನ್ನಿಕಟ್ಟಿ, ಕೆಳಗಿನ ಕೇರಿ
ತಾಲೂಕು ಮೂಡಲಗಿ
14 ಜುಲೈ 2025

ಶ್ರೀಮತಿ ದಾಕ್ಷಾಯಿಣಿ ಅವರಿಗೆ,

ನೀವು ಮಾಡಿದ ಆ್ಯಪ್ ನಮ್ಮ ಕೇರಿಯ ಹನ್ನೊಂದು ದಿನಗಳನ್ನು ನುಂಗಿ, ಆ ಜಾಗದಲ್ಲಿ ಒಂದು ಸುಳ್ಳು ಬರೆದಿದೆ.

ಜುಲೈ ಒಂದರಿಂದ ಹನ್ನೊಂದರವರೆಗೆ ನಮ್ಮ ನಳಕ್ಕೆ ನೀರು ಬಂದದ್ದು ಎರಡೇ ದಿನ. ನಮ್ಮ ಒಂಬತ್ತು ಊರುಗಳಿಗೆ ನೀರು ಹಂಚುವ ಒಕ್ಕೂಟದವರು ಕಲಿಸಿಕೊಟ್ಟಂತೆ ನಾನು ದಿನಾಲೂ ನಿಮ್ಮ ಆ್ಯಪ್ ತೆರೆದು 'ಬಂತು' ಅಥವಾ 'ಬರಲಿಲ್ಲ' ಒತ್ತಿದೆ. ನಮ್ಮ ಕೇರಿ ಕಾಲುವೆ ಏರಿಯ ಕೆಳಗೆ ತಗ್ಗಿನಲ್ಲಿದೆ, ರೇಂಜು ಬರುವುದಿಲ್ಲ. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ಕೊನೆಗೆ 'ನಂತರ ಪ್ರಯತ್ನಿಸಿ' ಎನ್ನುತ್ತದೆ. ಈ ಮಾತನ್ನು ನಮ್ಮ ಹಿರಿಯರು ಎಷ್ಟು ಬಾಗಿಲುಗಳಲ್ಲಿ ಕೇಳಿದ್ದಾರೋ! ಈಗ ಅದನ್ನು ಹೇಳಲು ಯಂತ್ರವೊಂದು ಬೇಕಿತ್ತೇ?

ನಿನ್ನೆ ಗೋಕಾಕದಲ್ಲಿ ಒಕ್ಕೂಟದ ಸಭೆ ಇತ್ತು. ಕಾರ್ಯದರ್ಶಿ ಮುತ್ತಪ್ಪನವರು ಪ್ರತಿ ಊರಿನ ಪ್ರತಿ ಓಣಿಯ ವರದಿ ಓದಿದರು. ನಮ್ಮದು ಬಂದಾಗ ಓದಿದ್ದು ಇಷ್ಟು: "ಬನ್ನಿಕಟ್ಟಿ, ಕೆಳಗಿನ ಕೇರಿ. ತಕರಾರು ಇಲ್ಲ."

ನನ್ನ ಪಕ್ಕದಲ್ಲಿ ಗುಡ್ಡವ್ವ ಆಯಿ ಕೂತಿದ್ದಳು. ನಳದ ಬಾಜೂ ಮನೆ ಅವಳದು. ವಯಸ್ಸು ಎಪ್ಪತ್ತು ದಾಟಿದೆ, ಕಣ್ಣು ಮಂಜಾಗಿದೆ. ಅವಳು ಎದ್ದು ನಿಂತು, "ತಕರಾರು ಇಲ್ಲ ಅಂದಾವ್ರು ಯಾರೋ ಯಪ್ಪಾ? ನಾ ಇನ್ನೂ ಸತ್ತಿಲ್ಲಲ್ಲ!" ಎಂದಳು.

"ನಾ ಅಂದಿಲ್ಲ ಬೇ ಆಯಿ. ಕಂಪ್ಯೂಟರ್ ಅಂದೈತಿ."

"ಹಂಗಾರ ಅದನ್ನ ಇಲ್ಲಿ ಕರಿ. ನನ್ನ ಮುಂದ ಕುಂತು ಅನ್ನಲಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅದಕ್ಕೇ ಈ ಪತ್ರ.

ನಮಗೂ ಮೇಲಿನ ಓಣಿಗೂ ಒಂದೇ ಪೈಪು. ಮೇಲಿನವರು ಕೊಡ ತುಂಬಿ, ಎಮ್ಮೆ ತೊಳೆದು, ಅಂಗಳಕ್ಕೆ ನೀರು ಹೊಡೆದ ಮೇಲೆ ಟಾಕಿಯಲ್ಲಿ ಏನು ಉಳಿದರೆ ಅದು ನಮಗೆ. ನಮ್ಮ ಕೇರಿಗೆ ಬೇರೆ ವಾಲ್ವ್ ಬೇಕೆಂದು ಮೂರು ವರ್ಷದಿಂದ ಕೇಳುತ್ತಿದ್ದೇವೆ. ಆಗಸ್ಟ್ ಒಂದರಿಂದ ತೊಂಬತ್ತು ದಿನಗಳ ದಾಖಲೆ ತಂದು ತೋರಿಸಿದರೆ ಕೊಡುತ್ತೇವೆ ಎಂದು ಒಕ್ಕೂಟ ಹೇಳಿದೆ. ಆ ತೊಂಬತ್ತು ದಿನಗಳನ್ನೂ ನಿಮ್ಮ ಆ್ಯಪ್ ನುಂಗಬೇಕೇ?

ನಾನು ಕಾಲೇಜು ನೋಡಿದವಳಲ್ಲ. ನಮ್ಮ ಕೇರಿಯ ಬೌದ್ಧ ವಿಹಾರದ ಕಪಾಟಿನಲ್ಲಿ ಅರವತ್ತು ಪುಸ್ತಿಕೆಗಳಿವೆ, ಎಲ್ಲವನ್ನೂ ಓದಿದ್ದೇನೆ. ದಾಖಲೆ ಯಾರ ಕೈಯಲ್ಲಿದೆಯೋ ನ್ಯಾಯ ಅವರ ಕೈಯಲ್ಲಿರುತ್ತದೆ ಎಂದು ಅವುಗಳಿಂದ ಕಲಿತಿದ್ದೇನೆ. ನಿಮ್ಮ ಆ್ಯಪಿನಲ್ಲಿ ಅಂಚೆ ವಿಳಾಸವಿತ್ತು. ಫೋನಿನ ಮಾತಿಗೆ ಪ್ರತಿ ಇರುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಈ ಪತ್ರದ ಕಾರ್ಬನ್ ಪ್ರತಿ ನನ್ನ ಹತ್ತಿರ ಇದೆ.

ಜೈ ಭೀಮ್.
ಅನುರಾಧಾ ಉದ್ದಪ್ಪ


ಹುಕ್ಕೇರಿ
21 ಜುಲೈ 2025

ಅನುರಾಧಾ ಅವರಿಗೆ ನಮಸ್ಕಾರ.

ತಪ್ಪು ನನ್ನದು.

ಇಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ. ಕೆಳಗೆ ಜೋಳ ಬೀಸುವಾಗ ಮೇಲೆ ಕೀಬೋರ್ಡು ಅದುರುತ್ತದೆ. ವಾರಕ್ಕೊಮ್ಮೆ ಅದನ್ನು ಬೋರಲು ಹಾಕಿ ಹಿಟ್ಟು ಕೊಡವುತ್ತೇನೆ. ಈ ಕೋಣೆಯಲ್ಲಿ ಏನಿಲ್ಲದಿದ್ದರೂ ರೇಂಜು ಇದೆ. ಆ್ಯಪ್ ಬರೆಯುವಾಗ ಅದು ಇಲ್ಲದ ಊರಿರುತ್ತದೆ ಎಂದು ನನಗೆ ಹೊಳೆಯಲಿಲ್ಲ. ನೀವು ಒತ್ತಿದ್ದನ್ನು ಅದು ನೇರವಾಗಿ ಗೋಕಾಕಕ್ಕೆ ಕಳಿಸಲು ನೋಡುತ್ತಿತ್ತು. ಕಳಿಸಲಾಗದಿದ್ದರೆ ಕೈಬಿಡುತ್ತಿತ್ತು, ತನ್ನ ಬಳಿ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಯಾವ ಓಣಿಯಿಂದ ಏನೂ ಬಂದಿಲ್ಲವೋ ಅಲ್ಲಿ ಸೊನ್ನೆ ಎಂದು ಇಟ್ಟುಕೊಳ್ಳಲು ಹೇಳಿದ್ದೆ. ಸೊನ್ನೆ ತಕರಾರು ಎಂದರೆ ತಕರಾರು ಇಲ್ಲ. ಖಾಲಿ ಬೇರೆ, ಸೊನ್ನೆ ಬೇರೆ ಎಂದು ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಹೇಳಿಕೊಡುತ್ತೇನೆ. ನಾನೇ ಮರೆತೆ.

ಕಾರ್ಬನ್ ಪ್ರತಿಯ ಮಾತನ್ನು ನೀವು ನನ್ನನ್ನು ಹೆದರಿಸಲು ಬರೆದಿರಬೇಕು. ನಾನು ಅದನ್ನು ಮೂರು ಸಲ ಓದಿ, ಹಾಳೆ ತೆಗೆದುಕೊಂಡು ಹೊಸ ಆ್ಯಪಿನ ಚಿತ್ರ ಬರೆಯಲು ಕೂತೆ. ಪತ್ರ ಅಂಚೆಗೆ ಹೋಗುವ ಮೊದಲೇ ಪ್ರತಿ ಬರೆದವರ ಮನೆಯಲ್ಲಿ ಉಳಿದಿರುತ್ತದೆ. ಆ್ಯಪ್ ಕೂಡ ಹೀಗೇ ಇರಬೇಕಿತ್ತು. ಫೋನಿನ ಒಳಗೇ ಒಂದು ಪುಟ್ಟ ಡೇಟಾಬೇಸ್ ಇಡಬಹುದು. ಗೆರೆ ಹೊಡೆದ ವಹಿ ಎಂದುಕೊಳ್ಳಿ. ದಿನಕ್ಕೊಂದು ಸಾಲು, ಸಾಲಿಗೆ ನಾಲ್ಕು ಖಾನೆ: ಯಾವ ದಿನ, ನೀರು ಬಂತೋ ಇಲ್ಲವೋ, ಈ ಸಾಲನ್ನು ಬರೆದದ್ದು ಯಾವಾಗ, ಗೋಕಾಕಕ್ಕೆ ಕಳಿಸಿದೆಯೋ ಇಲ್ಲವೋ. ನೀವು ಬೆರಳಿಟ್ಟ ಕೂಡಲೇ ಸಾಲು ಫೋನಿನಲ್ಲಿ ಕೂರುತ್ತದೆ. ರೇಂಜು ಸಿಕ್ಕ ದಿನ 'ಕಳಿಸು' ಒತ್ತಿದರೆ ಅದರ ಪ್ರತಿ ಗೋಕಾಕಕ್ಕೆ ಹೋಗುತ್ತದೆ.

ಈ ತಿಂಗಳೊಳಗೆ ಮುಗಿಸುತ್ತೇನೆ. ನಾನೇ ಬನ್ನಿಕಟ್ಟಿಗೆ ಬಂದು ನಿಮ್ಮ ಫೋನಿಗೆ ಹಾಕಿಕೊಡುತ್ತೇನೆ. ಗುಡ್ಡವ್ವನವರ ಮುಂದೆ ಕೂತು ಕ್ಷಮೆ ಕೇಳುವುದೂ ಇದೆ.

ನಿಮ್ಮ,
ದಾಕ್ಷಾಯಿಣಿ


ಹುಕ್ಕೇರಿ
28 ಜುಲೈ 2025

ಅನುರಾಧಾ ಅವರಿಗೆ,

ಕ್ಲಾಸಿನ ಪರೀಕ್ಷೆಗಳು ಬಂದಿವೆ, ಬರಲಾಗುತ್ತಿಲ್ಲ. ಆ್ಯಪನ್ನು ಈ ಮೆಮೊರಿ ಕಾರ್ಡಿನಲ್ಲಿ ಹಾಕಿ, ರಟ್ಟಿಗೆ ಟೇಪು ಹಚ್ಚಿ ಕಳಿಸಿದ್ದೇನೆ. ಹಾಕಿಕೊಳ್ಳುವ ವಿಧಾನ ಹಿಂಬದಿಯಲ್ಲಿದೆ.

ದಾಕ್ಷಾಯಿಣಿ


ಬನ್ನಿಕಟ್ಟಿ
11 ಆಗಸ್ಟ್ 2025

ದಾಕ್ಷಾಯಿಣಿ ಅಕ್ಕಾರಿಗೆ,

ನೀವು ಬರುತ್ತೇನೆಂದಿರಿ, ಕಾರ್ಡ್ ಬಂತು. ಇರಲಿ.

ಒಳ್ಳೆಯದನ್ನು ಕಂಡಾಗ ಒಳ್ಳೆಯದು ಎನ್ನದಿದ್ದರೆ ನಾನು ಓದಿದ್ದೆಲ್ಲ ವ್ಯರ್ಥ. ನಿಮ್ಮ ಆ್ಯಪ್ ಈಗ ಕೆಲಸ ಮಾಡುತ್ತದೆ. ತಗ್ಗಿನಲ್ಲಿ ಕೂತು ಒತ್ತಿದರೂ ಮಾಡುತ್ತದೆ, ಫೋನ್ ಬಂದ್ ಮಾಡಿ ಮತ್ತೆ ತೆರೆದರೂ ಸಾಲು ಅಲ್ಲೇ ಕೂತಿರುತ್ತದೆ. ಮೊದಲ ದಿನ ನಾನು ನಂಬದೆ ಬ್ಯಾಟರಿಯನ್ನೇ ತೆಗೆದು, ಒಂದು ತಾಸು ಬಿಟ್ಟು ಹಾಕಿದೆ. 'ಆಗಸ್ಟ್ 1, ಬರಲಿಲ್ಲ' ಎಂಬುದು ಹಳದಿ ಬಣ್ಣದಲ್ಲಿ ಹಾಗೇ ಇತ್ತು. ಕೇರಿಯ ಹೆಂಗಸರೆಲ್ಲ ಬಗ್ಗಿ ನೋಡಿದರು.

ನಮ್ಮ ಎದುರು ಮನೆಯ ಕೆಂಪವ್ವ ಕೇಳಿದಳು: "ಹೋತೇನ ಗೋಕಾಕಕ್ಕ?"

"ಇಲ್ಲ ಅತ್ತಿ, ಒಳಗ ಕುಂತೈತಿ. ರೇಂಜ್ ಸಿಕ್ಕಾಗ ಹೋಗತೈತಿ."

"ಅಂದ್ರ ಫೋನು ಬಸರ ಆಗೈತಿ ಅನ್ನು! ಗೋಕಾಕ ತವರಮನಿ, ಅಲ್ಲಿ ಹೋಗಿ ಹಡೀತೈತಿ."

ನಿನ್ನೆ ಮೂಡಲಗಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಕಳಿಸು' ಒತ್ತಿದೆ. ಹತ್ತು ಹಳದಿ ಸಾಲುಗಳು ಒಂದೊಂದಾಗಿ ಹಸಿರಾದವು. ಸುತ್ತ ಜನ ಓಡಾಡುತ್ತಿದ್ದರು, ನಾನು ಕಲ್ಲಿನಂತೆ ನಿಂತು ನೋಡಿದೆ. ಹತ್ತು ದಿನಗಳಲ್ಲಿ ಮೂರು 'ಬಂತು', ಏಳು 'ಬರಲಿಲ್ಲ'. ನಮ್ಮ ಕೇರಿಯ ಮಾತು ಮೊದಲ ಸಲ ಯಾರ ಬಾಯಿಯ ಹಂಗೂ ಇಲ್ಲದೆ ಗೋಕಾಕ ಮುಟ್ಟಿತು.

ಆದರೆ ಗುಡ್ಡವ್ವ ಆಯಿಗೆ ಸಾಲುವಷ್ಟು ಖಾನೆ ನಿಮ್ಮಲ್ಲಿಲ್ಲ. ಅವಳು ನಳ ನೋಡುವುದಿಲ್ಲ, ಕೇಳುತ್ತಾಳೆ. ಬೆಳಿಗ್ಗೆ ಐದೂವರೆಗೆ ನಳದ ಬಾಯಿಗೆ ಅಂಗೈ ಮುಚ್ಚಿ, ಕಿವಿ ಪೈಪಿಗೆ ಇಟ್ಟು ಕೂರುತ್ತಾಳೆ. ನೀರು ಬರುವ ದಿನ ಮೊದಲು ಗಾಳಿ ಹೊರಗೆ ಊದುತ್ತದೆ. ಬಾರದ ದಿನ ಪೈಪು ಅವಳ ಅಂಗೈಯನ್ನು ಒಳಕ್ಕೆ ಎಳೆಯುತ್ತದೆ. "ಜಗ್ಗಾಕತ್ತೈತಿ ನೋಡು. ಮ್ಯಾಲ ಬಿಟ್ಟಾರ," ಎನ್ನುತ್ತಾಳೆ. ನಾನು ಏರಿ ಹತ್ತಿ ಓಡಿ ನೋಡಿದರೆ ಮೇಲಿನ ಓಣಿಯಲ್ಲಿ ಕೊಡಗಳು ತುಂಬುತ್ತಿರುತ್ತವೆ. ಒಂದು ದಿನವೂ ಅವಳು ತಪ್ಪಿಲ್ಲ. ಇದಕ್ಕೆ ನಿಮ್ಮ ವಹಿಯಲ್ಲಿ ಜಾಗ ಎಲ್ಲಿದೆ?

ಜೈ ಭೀಮ್.
ಅನುರಾಧಾ


ಹುಕ್ಕೇರಿ
25 ಆಗಸ್ಟ್ 2025

ತಂಗಿ ಅನುರಾಧಾ,

ನಿಮ್ಮ ಪತ್ರ ಓದಿದ ಮರುದಿನ ಬೆಳಿಗ್ಗೆ ನಮ್ಮ ಹಿತ್ತಲ ನಳಕ್ಕೆ ಅಂಗೈ ಮುಚ್ಚಿ ಕೂತೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಕೂಸು ಬೆರಳು ಚೀಪಿದಂತೆ ಮೆಲ್ಲಗೆ ಒಳಗೆ ಎಳೆಯಿತು. ಗಿರಣಿಯ ಮಾಲಾ ಬಂದು, "ಏನ ಮಾಡಾಕತ್ತೀರಿ ಅಕ್ಕಾರ?" ಎಂದಳು. "ಸಾಲಿ ಕಲಿಯಾಕತ್ತೇನಿ," ಎಂದೆ. ಹದಿನೈದು ವರ್ಷದಿಂದ ಯಂತ್ರಗಳಿಗೆ ಕೇಳಿಸಿಕೊಳ್ಳುವುದನ್ನು ಕಲಿಸುತ್ತಿದ್ದೇನೆ. ಇಷ್ಟು ನಾಜೂಕಾಗಿ ಕೇಳುವ ಒಬ್ಬರು ಅಲ್ಲಿ ಪೈಪಿಗೆ ಕಿವಿಕೊಟ್ಟು ಕೂತಿದ್ದಾರೆ.

ಅದಕ್ಕೊಂದು ಖಾನೆ ಮಾಡುವುದು ಸುಲಭ, ಅರ್ಧ ದಿನದ ಕೆಲಸ. ನಂಬಿಸುವುದು ಕಷ್ಟ. ಒಕ್ಕೂಟದವರು ತಾವೇ ಬಂದು ಅಂಗೈ ಇಟ್ಟು ನೋಡದ ಹೊರತು ಆ ಖಾನೆ ಅವರಿಗೆ ಕಥೆಯಂತೆ ಕಾಣುತ್ತದೆ.

ಇನ್ನೊಂದು ಮಾತು. ಗೋಕಾಕದಲ್ಲಿ ನಿಮ್ಮ ಕೇರಿಯ ಸಾಲು ಆಗಸ್ಟ್ ಹತ್ತಕ್ಕೇ ನಿಂತಿದೆ. ಮೂಡಲಗಿಗೆ ಹೋಗಲಿಲ್ಲವೇ? ವಾರಕ್ಕೊಮ್ಮೆಯಾದರೂ 'ಕಳಿಸು' ಒತ್ತಿ.

ದಾಕ್ಷಾಯಿಣಿ


ಬನ್ನಿಕಟ್ಟಿ
1 ಸೆಪ್ಟೆಂಬರ್ 2025

ದಾಕ್ಷಾಯಿಣಿ ಅಕ್ಕಾರಿಗೆ,

ಮೂಡಲಗಿಗೆ ನಾಲ್ಕು ಸಲ ಹೋಗಿದ್ದೇನೆ. ಬೇಕೆಂದೇ ಕಳಿಸಿಲ್ಲ, ಇನ್ನು ಕಳಿಸುವುದೂ ಇಲ್ಲ.

ಯೋಚಿಸಿ ನೋಡಿದೆ. ನಮ್ಮ ಸಾಲುಗಳು ಗೋಕಾಕಕ್ಕೆ ಹೋದ ಮೇಲೆ ಅವರ ಕಂಪ್ಯೂಟರಿನಲ್ಲಿ ಅವರ ಕೈಕೆಳಗೆ ಇರುತ್ತವೆ. ಜುಲೈಯಲ್ಲಿ 'ತಕರಾರು ಇಲ್ಲ' ಎಂದವರು ಅಕ್ಟೋಬರಿನಲ್ಲಿ ಇನ್ನೇನು ಎನ್ನುತ್ತಾರೋ. ತೊಂಬತ್ತು ದಿನ ತುಂಬಲಿ. ನವೆಂಬರ್ ಸಭೆಯಲ್ಲಿ ಎಲ್ಲರ ಮುಂದೆ ಫೋನ್ ತೆರೆದು ತೊಂಬತ್ತನ್ನೂ ಒಮ್ಮೆಗೇ ತೋರಿಸುತ್ತೇನೆ. ಅಲ್ಲಿಯವರೆಗೆ ನಮ್ಮ ಸತ್ಯ ನಮ್ಮ ಮನೆಯಲ್ಲಿರಲಿ. ಫೋನಿನೊಳಗೇ ಇಟ್ಟುಕೊಳ್ಳುವ ಶಕ್ತಿಯನ್ನು ನೀವೇ ಕೊಟ್ಟಿದ್ದೀರಿ, ಅದಕ್ಕಾಗಿ ನಿಮ್ಮನ್ನು ಮೆಚ್ಚುತ್ತೇನೆ.

ಆಯಿ ನೀವು ಯಾವಾಗ ಬರುತ್ತೀರಿ ಎಂದು ಕೇಳುತ್ತಾಳೆ. "ಪರೀಕ್ಷೆ ಅದಾವಂತ" ಎಂದು ಹೇಳಿದ್ದೇನೆ.

ಜೈ ಭೀಮ್.
ಅನುರಾಧಾ


ಹುಕ್ಕೇರಿ
8 ಸೆಪ್ಟೆಂಬರ್ 2025

ತಂಗಿ,

ಒಂದೇ ಕಡೆ ಇರುವುದನ್ನು ಪ್ರತಿ ಎನ್ನುವುದಿಲ್ಲ. ನೀವು ಕಾರ್ಬನ್ ಇಟ್ಟುಕೊಂಡು ಪತ್ರವನ್ನು ಅಂಚೆಗೆ ಹಾಕದೆ ಕೂತಿದ್ದೀರಿ. ಕಳಿಸಿದರೂ ನಿಮ್ಮ ಸಾಲು ನಿಮ್ಮ ಫೋನಿನಲ್ಲಿ ಉಳಿದೇ ಇರುತ್ತದೆ. ಅವರು ತಿದ್ದಿದರೆ ನಿಮ್ಮದು ಸಾಕ್ಷಿ, ನಿಮ್ಮದು ಕಳೆದರೆ ಅವರದು ಸಾಕ್ಷಿ. ದಯವಿಟ್ಟು ಒತ್ತಿ.

ದಾಕ್ಷಾಯಿಣಿ


ಬನ್ನಿಕಟ್ಟಿ
6 ಅಕ್ಟೋಬರ್ 2025

ಅಕ್ಕಾರ,

ಐವತ್ತೆರಡು ದಿನಗಳನ್ನು ನಾನು ಕೊಂದೆ.

ಈ ಸಲ ಅಕ್ಟೋಬರ್ ಎರಡಕ್ಕೆ ಬಂದ ವಿಜಯದಶಮಿ ನಮಗೆ ಬೌದ್ಧ ದೀಕ್ಷೆಯ ದಿನ, ದೊಡ್ಡ ಹಬ್ಬ. ಹಿಂದಿನ ದಿನ ಇಡೀ ಕೇರಿಗೆ ಸುಣ್ಣ. ವಿಹಾರ ತೊಳೆದೆವು, ಕಪಾಟು ಹೊರಗೆ ತಂದು ಪುಸ್ತಿಕೆಗಳಿಗೆ ಬಿಸಿಲು ತೋರಿಸಿದೆವು. ಹಳೆಯ ಚಾಪೆ, ಒಡೆದ ಕೊಡ, ಹರಿದ ಕೌದಿ ಎಲ್ಲ ಹೊರಗೆ ಹೋಯಿತು. ನಾನೇ ಮುಂದೆ ನಿಂತು, "ಹಳೇ ಕಸ ಒಂದೂ ಉಳೀಬಾರದು," ಎಂದು ಕೂಗುತ್ತಿದ್ದೆ.

ಕೆಂಪವ್ವ ಅತ್ತೆ ಸುಣ್ಣದ ಕೈಯಲ್ಲೇ ನನ್ನ ಫೋನ್ ತೋರಿಸಿ, "ಊರ ಕಸಾ ಎಲ್ಲಾ ತಗಿಸಿದಿ, ಅದರ ಹೊಟ್ಟ್ಯಾಗಿಂದು ಯಾರ ತಗೀಬೇಕು? ಬೆಳಗಿನಿಂದ ಜಾಗ ಇಲ್ಲ, ಜಾಗ ಇಲ್ಲ ಅಂತ ಬಡಕೊಳ್ಳಾಕತ್ತೈತಿ," ಎಂದಳು.

ಖರೆಯಾಗಿಯೂ ಫೋನ್ ತುಂಬಿತ್ತು. ಮರುದಿನದ ಪ್ರತಿಜ್ಞೆಯ ವಿಡಿಯೋ ಮಾಡಬೇಕಿತ್ತು. ನಾನು ಕೂತು ಒಂದೊಂದೇ ಆ್ಯಪ್ ತೆರೆದು 'ಡೇಟಾ ಅಳಿಸು' ಒತ್ತುತ್ತ ಹೋದೆ. ಕಸ ಗುಡಿಸುವ ಹುರುಪು. ನಿಮ್ಮ ಆ್ಯಪ್ ಬಂದಾಗಲೂ ಬೆರಳು ನಿಲ್ಲಲಿಲ್ಲ. ಅದೇ ಹೊತ್ತಿಗೆ ಆಯಿ ಬಂದು, "ಇವತ್ತಿಂದು ಬರಲಿಲ್ಲ ಅಂತ ಮುಂಜಾನೆ ಬರದೀ ಇಲ್ಲೋ?" ಎಂದಳು. ತೆರೆದು ನೋಡಿದರೆ ಬಿಳಿ ಹಾಳೆ. ಹೊಸದಾಗಿ ಸುಣ್ಣ ಹೊಡೆದ ಗೋಡೆಯಷ್ಟು ಬಿಳಿ.

ಆಗಸ್ಟ್ ಹನ್ನೊಂದರಿಂದ ಅಕ್ಟೋಬರ್ ಒಂದರವರೆಗೆ. ಗೋಕಾಕಕ್ಕೆ ಕಳಿಸಿದ್ದ ಮೊದಲ ಹತ್ತು ದಿನ ಮಾತ್ರ ಉಳಿದಿವೆ. ನೀವು ಎರಡು ಸಲ ಹೇಳಿದ್ದಿರಿ. ಪತ್ರಗಳ ಕಾರ್ಬನ್ ಎಲ್ಲ ನನ್ನ ಬಳಿ ಇದೆ, ಅದರಲ್ಲಿ ನನ್ನ ಸೊಕ್ಕಿನ ಮಾತು ಮಾತ್ರ ಇದೆ.

ಕೇರಿಯಲ್ಲಿ ಇನ್ನೂ ಹೇಳಿಲ್ಲ. ಹೇಳುವ ಮೊದಲು ನಿಮ್ಮನ್ನು ಒಂದು ಕೇಳುತ್ತೇನೆ. ಡೇಟಾಬೇಸ್ ಕಟ್ಟಿದವರು ನೀವು. ಆ ಐವತ್ತೆರಡು ದಿನಗಳಿಗೆ ಹಿಂದಿನ ತಾರೀಖು ಹಾಕಿ ಸಾಲು ತುಂಬಲು ನಿಮಗೆ ಆಗುತ್ತದೆ. ಎಲ್ಲದರಲ್ಲೂ 'ಬರಲಿಲ್ಲ' ಎಂದು ಹಾಕಿಕೊಡಿ. ಎಲ್ಲೋ ಐದಾರು ದಿನ ಬಂದಿರಬಹುದು, ಅಷ್ಟೆ. ನಮಗಾದ ಅನ್ಯಾಯ ನಿಜ ತಾನೇ? ನಿಜಕ್ಕೆ ಬೇಕಾದ ಕಾಗದವನ್ನು ಮತ್ತೆ ಮಾಡಿಕೊಂಡರೆ ಅದು ಸುಳ್ಳಾಗುತ್ತದೆಯೇ? ನಲವತ್ತು ಮನೆಗಳ ನೀರು ನಿಮ್ಮ ಬೆರಳಿನ ತುದಿಯಲ್ಲಿದೆ.

ಅನುರಾಧಾ


ಹುಕ್ಕೇರಿ
13 ಅಕ್ಟೋಬರ್ 2025

ತಂಗಿ ಅನುರಾಧಾ,

ನನಗೆ ಆಗುತ್ತದೆ. ಹತ್ತು ನಿಮಿಷದ ಕೆಲಸ. ಮಾಡುವುದಿಲ್ಲ.

ಪ್ರತಿ ಸಾಲಿನಲ್ಲಿ ಬರೆದ ಹೊತ್ತು ಇರುತ್ತದೆ. ಅದನ್ನೂ ನಾನು ಸುಳ್ಳು ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ಜುಲೈಯ ನಿಮ್ಮ ಮೊದಲ ಪತ್ರ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಅಂದು ಖಾಲಿ ಜಾಗವನ್ನು ಗೋಕಾಕದವರು ತಮಗೆ ಬೇಕಾದಂತೆ ಓದಿದರು ಎಂದು ನೀವು ಬೆಂಕಿಯಾಗಿದ್ದಿರಿ. ಇಂದು ಅದೇ ಖಾಲಿ ಜಾಗವನ್ನು ನಮಗೆ ಬೇಕಾದಂತೆ ಓದೋಣ ಎನ್ನುತ್ತೀರಿ. ಆ ಬೆಂಕಿಯ ಹುಡುಗಿಯನ್ನು ನಾನು ತುಂಬ ಮೆಚ್ಚಿದ್ದೇನೆ. ಅವಳ ಮಾತು ಮೀರಲಾರೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಆ್ಯಪಿಗೆ ಎರಡು ಹೊಸ ಗುಂಡಿ ಸೇರಿಸಿ ಈ ಕಾರ್ಡಿನಲ್ಲಿ ಕಳಿಸಿದ್ದೇನೆ. ಒಂದು 'ಗೊತ್ತಿಲ್ಲ'. ಇದು ಮೊದಲಿನಿಂದಲೂ ಇರಬೇಕಿತ್ತು. ಇನ್ನೊಂದು 'ನೆನಪಿನಿಂದ', ನಂತರ ಯಾರಾದರೂ ನೆನೆದು ಹೇಳಿದ ದಿನಕ್ಕೆ, ಹೇಳಿದವರ ಹೆಸರಿನೊಂದಿಗೆ. ಇಷ್ಟು ಬರೆದಿರಿ, ಗುಡ್ಡವ್ವನವರನ್ನು ಕೇಳಿದಿರಾ?

ಇನ್ನೊಂದು ಮಾತು ಜುಲೈಯಿಂದ ಬಾಕಿ ಇದೆ. ಪರೀಕ್ಷೆ ಇತ್ತು, ನಿಜ. ಅದು ಮೂರು ದಿನದಲ್ಲಿ ಮುಗಿಯಿತು. ನಾನು ಬಾರದೆ ಇದ್ದದ್ದಕ್ಕೆ ಕಾರಣ ಬೇರೆ. ನಲವತ್ತೇಳು ವರ್ಷದಲ್ಲಿ ಯಾವ ಕೇರಿಯಲ್ಲೂ ನಾನು ಒಂದು ತಂಬಿಗೆ ನೀರು ಕುಡಿದಿಲ್ಲ. ಯಾರೂ ಬೇಡ ಎಂದಿರಲಿಲ್ಲ, ನಾನಾಗಿ ಹೋಗಲೂ ಇಲ್ಲ. ನಿಮ್ಮ ಮನೆಗೆ ಬಂದಾಗ ನೀವು ನೀರು ಕೊಡುತ್ತೀರಿ, ನನ್ನ ಕೈ ಒಂದು ಗಳಿಗೆ ಹಿಂಜರಿದರೆ ನೀವು ನೋಡಿಬಿಡುತ್ತೀರಿ ಎಂದು ಹೆದರಿದೆ. ಅದನ್ನು ಬರೆಯದೆ 'ಪರೀಕ್ಷೆ' ಎಂದು ತುಂಬಿಸಿದೆ. ತಪ್ಪಾಯಿತು.

ದಾಕ್ಷಾಯಿಣಿ


ಬನ್ನಿಕಟ್ಟಿ
10 ನವೆಂಬರ್ 2025

ಪ್ರೀತಿಯ ಅಕ್ಕಾರಿಗೆ,

ನಿಮ್ಮ ಪತ್ರಕ್ಕೆ ಒಂದು ತಿಂಗಳು ಉತ್ತರಿಸಲಿಲ್ಲ. ಮೊದಲ ಎರಡು ದಿನ ಸಿಟ್ಟಿನಿಂದ, ಉಳಿದ ದಿನ ಕೆಲಸದಿಂದ. ಈಗ ಎಲ್ಲ ಹೇಳುತ್ತೇನೆ.

ಮೂರನೆಯ ದಿನ ಗುಡ್ಡವ್ವ ಆಯಿಯ ಹೊಸ್ತಿಲಿಗೆ ಹೋದೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಮಂಜಾದರೂ ಬೆರಳಿಗೆ ಹರಳು ಸಿಗುತ್ತದೆ. ನಾನು ಅಳಿಸಿದ್ದನ್ನು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಯವ್ವಾ, ಸುಣ್ಣಾ ಹಚ್ಚೂ ಗಡಬಡ್ಯಾಗ ನಾನೂ ಒಮ್ಮಿ ನಿಮ್ಮ ಮುತ್ಯಾನ ಚಸಮಾ ಒಲಿಗೆ ಹಾಕೀನಿ," ಎಂದಳು. "ಕುಂಡ್ರು. ಏನ ಕೇಳಾಕ ಬಂದಿ?"

"ಆಗಸ್ಟ್ ಹನ್ನೆರಡಕ್ಕ ನೀರು ಬಂದಿತ್ತೇನ ಆಯಿ?"

"ತಾರೀಖ ನನಗ ತಿಳಿಯೂದಿಲ್ಲ. ಅವತ್ತ ಊರಾಗ ಏನಾಗಿತ್ತು ಅದನ್ನ ಹೇಳು."

ಹಾಗೆ ಶುರುವಾಯಿತು. ಆರು ಮಧ್ಯಾಹ್ನ ಕೂತೆವು. ಕೆಂಪವ್ವನ ಮೊಮ್ಮಗಳ ಹೆಸರಿಟ್ಟ ದಿನ, ಕಾಲುವೆಗೆ ಎಮ್ಮೆ ಬಿದ್ದ ದಿನ, ನಮ್ಮ ಅಪ್ಪ ಕೊಣ್ಣೂರಿಂದ ಬೀಜ ತಂದ ದಿನ. ಯಾವ ದಿನಕ್ಕೆ ಒಂದು ಗುರುತು ಇತ್ತೋ ಆ ದಿನದ ನಳದ ಸದ್ದು ಅವಳ ಕಿವಿಯಲ್ಲಿತ್ತು.

"ಗಣಪತಿ ಕುಂಡ್ರಿಸಿದ ದಿನ?" ಎಂದು ಕೇಳಿದೆ. 'ಬರಲಿಲ್ಲ' ಒತ್ತಲು ಬೆರಳು ಸಜ್ಜಾಗಿತ್ತು.

"ಬಂದಿತ್ತು. ಎರಡ ಕೊಡ ತುಂಬೀನಿ. ಮ್ಯಾಲಿನ ಓಣ್ಯಾವ್ರು ಗಣಪತಿ ತರಾಕ ಹೋಗಿದ್ರಲ್ಲ, ಅವರ ನಳ ಬಂದ್ ಇದ್ದೂ. ನಮಗ ಹರೀತು."

"ಮರುದಿನ?"

"ನೆನಪಿಲ್ಲ."

"ಬಂದಿರಾಕಿಲ್ಲ ಬಿಡು ಆಯಿ."

ಅವಳು ಮೊರ ಕೆಳಗಿಟ್ಟಳು. "ಬಂದಿರಾಕಿಲ್ಲ ಅನ್ನೂದು ಬ್ಯಾರೆ, ಬಂದಿಲ್ಲ ಅನ್ನೂದು ಬ್ಯಾರೆ. ನಾ ಕೇಳಿದ್ದಷ್ಟ ಹೇಳಾಕಿ. ಬಂದ ನೀರಿಗೆ ನಾವು ಬಂದಿಲ್ಲ ಅಂದ್ರ, ನಾಳೆ ಬರಲಾರದ್ದಕ್ಕ ಅವರು ಬಂತು ಅಂತಾರ. ಆವಾಗ ಯಾವ ಬಾಯಿಲೆ ಜಗಳಾ ಆಡ್ತಿ?"

ಅಕ್ಕಾರ, ನೀವು ಹುಕ್ಕೇರಿಯಿಂದ ಎರಡು ಪುಟ ಬರೆದದ್ದನ್ನು ಇವಳು ಒಂದು ಮೊರ ಕೆಳಗಿಡುವಷ್ಟರಲ್ಲಿ ಹೇಳಿದಳು. ಅರವತ್ತು ಪುಸ್ತಿಕೆ ಓದಿದ ನನಗೆ ಇಬ್ಬರು ಹೇಳಬೇಕಾಯಿತು.

ಐವತ್ತೆರಡರಲ್ಲಿ ಹದಿನೇಳು ದಿನ ಸಿಕ್ಕವು. ಎಲ್ಲಕ್ಕೂ 'ನೆನಪಿನಿಂದ, ಗುಡ್ಡವ್ವ' ಎಂದು ಹಾಕಿದೆ. ಉಳಿದ ಮೂವತ್ತೈದಕ್ಕೆ 'ಗೊತ್ತಿಲ್ಲ' ಒತ್ತಿದೆ. ಮೂವತ್ತೈದು ಸಲ. ಪ್ರತಿ ಸಲವೂ ಬೆರಳು ಭಾರವಾಗುತ್ತಿತ್ತು. ಅಕ್ಟೋಬರ್ ಎರಡರಿಂದ ಮುಂದಿನ ದಿನಗಳನ್ನು ಮೂಡಲಗಿಗೆ ಹೋದಾಗಲೆಲ್ಲ ಗೋಕಾಕಕ್ಕೆ ಕಳಿಸಿದ್ದೇನೆ.

ನಿನ್ನೆ ಸಭೆ. ನಾನು ಎದ್ದು ನಿಂತು ಹೇಳಿದೆ: "ತೊಂಬತ್ತು ದಿನದಾಗ ಮೂವತ್ತೆಂಟು ಆಯಾ ದಿನಾನ ಬರದದ್ದು. ಹದಿನೇಳು ನೆನಪಿನಿಂದ. ಈ ಐವತ್ತೈದರಾಗ ನೀರು ಬಂದದ್ದು ಹದಿಮೂರು ದಿನ. ಉಳಿದ ಮೂವತ್ತೈದು ಗೊತ್ತಿಲ್ರಿ. ಅದು ನನ್ನ ತಪ್ಪು. ನಾನ ಅಳಿಸೀನಿ."

ಗದ್ದಲ ಎದ್ದಿತು. ಮೇಲಿನ ಓಣಿಯ ಮಾಲಿಂಗಪ್ಪ ನಿಂತು, "ಗೊತ್ತಿಲ್ಲ ಅಂದ್ರ ಬಂದಿತ್ತು ಅಂತನ ಅಲ್ಲೇನು?" ಎಂದ.

"ಬಂದಿರಬಹುದ್ರಿ. ನಿಮಗ ಗೊತ್ತಿದ್ರ ದಿನಾ ಹೇಳ್ರಿ. ನಿಮ್ಮ ಹೆಸರು ಹಾಕಿ ಬರಕೊತೇನಿ."

ಅವನು ಸುಮ್ಮನಾಗಲಿಲ್ಲ. ಮುಂದಿನ ಪ್ರಶ್ನೆಯನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದ. "ಆತು, ಗಣಪತಿ ಕುಂಡ್ರಿಸಿದ ದಿನ ನಿಮ್ಮ ಕೇರ್ಯಾಗ ಕೊಡ ತುಂಬಿದ್ದನ್ನ ನಾ ಕಣ್ಣಾರೆ ನೋಡೀನಿ. ಅದನ್ನ ಬರದೀ ಏನು?"

ನಾನು ಫೋನನ್ನು ಮುತ್ತಪ್ಪನವರ ಕೈಗೆ ಕೊಟ್ಟೆ. ಅವರು ಚಸಮಾ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "ಆಗಸ್ಟ್ ಇಪ್ಪತ್ತೇಳು. ಬಂತು. ನೆನಪಿನಿಂದ, ಗುಡ್ಡವ್ವ. ಎರಡು ಕೊಡ."

ನಾನು ಕೇಳಿದಂತೆ ನೀವು ತುಂಬಿಸಿಕೊಟ್ಟಿದ್ದರೆ ಅಲ್ಲಿ 'ಬರಲಿಲ್ಲ' ಎಂದಿರುತ್ತಿತ್ತು. ಆ ಒಂದು ಸಾಲಿಗೆ ನಮ್ಮ ಮೂರು ವರ್ಷಗಳು ಮುಳುಗುತ್ತಿದ್ದವು. ಆಯಿ ಕೂತಲ್ಲಿಂದಲೇ, "ಮೂರನೇ ಕೊಡಾ ಅರ್ಧಾ ಆಗಿತ್ತು, ಅದನ್ನ ಹೇಳಾಕ ಮರತಿದ್ನಿ," ಎಂದಳು. ಮಾಲಿಂಗಪ್ಪನೂ ನಕ್ಕ.

ಮುತ್ತಪ್ಪನವರು ಫೋನ್ ಮರಳಿಸಿ, "ತನ್ನ ವಿರುದ್ಧದ್ದನ್ನೂ ಬರದಾಕಿ, ಉಳಿದದ್ದನ್ನ ಸುಳ್ಳ ಬರದಿರಾಕಿಲ್ಲ," ಎಂದರು. ಆದರೂ ತೊಂಬತ್ತು ಪೂರ್ತಿ ಇಲ್ಲ, ಕಾಗದದ ಮೇಲೆ ವಾಲ್ವ್ ಕೊಡಲು ನಿಯಮ ಬಿಡುವುದಿಲ್ಲ ಎಂದರು. ನನಗೆ ನಿಮ್ಮ ಆಗಸ್ಟಿನ ಪತ್ರ ನೆನಪಾಯಿತು. "ಹಂಗಾರ ಬಂದು ಅಂಗೈ ಇಟ್ಟು ನೋಡ್ರಿ," ಎಂದೆ. ಆಯಿ ಎದ್ದು ನಳದ ಬಾಯಿ ಹೇಗೆ ಮುಚ್ಚಬೇಕೆಂದು ಗಾಳಿಯಲ್ಲೇ ತೋರಿಸಿದಳು. ಕೈ ಎತ್ತಿಸಿ ಕೇಳಿದರು, ಒಪ್ಪಿಗೆಯಾಯಿತು. ಒಕ್ಕೂಟದ ಐವರು ಬರುತ್ತಾರೆ. ಮೇಲಿನ ಓಣಿಗೆ ನೀರು ಬಿಟ್ಟಾಗ ನಮ್ಮ ನಳ ಒಳಕ್ಕೆ ಎಳೆದರೆ, ಅಲ್ಲೇ ನಿಂತು ವಾಲ್ವಿಗೆ ಸಹಿ ಹಾಕುತ್ತಾರೆ. ಎಳೆಯದಿದ್ದರೆ ಇಲ್ಲ.

ನಿಮ್ಮ ಅಂಗೈ ಕೂಡ ಅಲ್ಲಿ ಬೇಕು. ಹುಕ್ಕೇರಿಯ ಮೊದಲ ಬಸ್ಸಿಗೆ ಹೊರಟರೆ ಆಯಿ ನಳಕ್ಕೆ ಕಿವಿಕೊಡುವ ಹೊತ್ತಿಗೆ ಮುಟ್ಟುವುದಿಲ್ಲ. ಆದ್ದರಿಂದ ಹಿಂದಿನ ದಿನ, ಶನಿವಾರ ಸಂಜೆಯೇ ಗೋಕಾಕದ ಮೇಲೆ ಮೂಡಲಗಿಗೆ ಬನ್ನಿ, ನಾನು ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ. ನಮ್ಮ ಮನೆಯಲ್ಲಿ ಉಳಿಯಿರಿ. ನೀರು ಕೊಡುತ್ತೇನೆ. ಕೈ ಹಿಂಜರಿದರೆ ಹಿಂಜರಿಯಲಿ, ನಾನು ನೋಡಿಯೂ ತಂಬಿಗೆ ಹಿಡಿದೇ ನಿಂತಿರುತ್ತೇನೆ. ತಮ್ಮ ಹಿಂಜರಿಕೆಯನ್ನು ತಾವೇ ಬರೆದು ತಿಳಿಸಿದ ಒಬ್ಬರನ್ನು ನಾನು ಈವರೆಗೆ ಕಂಡಿರಲಿಲ್ಲ.

ಈ ಪತ್ರಕ್ಕೂ ಕಾರ್ಬನ್ ಇಟ್ಟಿದ್ದೇನೆ. ನಿಮ್ಮ ಪ್ರತಿ ಅಂಚೆಯಲ್ಲಿ ಕಳೆದರೆ ಓದಿ ಹೇಳಲು.

ಭಾನುವಾರ, ನವೆಂಬರ್ 23, ಬೆಳಿಗ್ಗೆ ಐದೂವರೆಗೆ, ಕೆಳಗಿನ ಕೇರಿಯ ನಳದ ಹತ್ತಿರ.

ಜೈ ಭೀಮ್.
ನಿಮ್ಮ ತಂಗಿ,
ಅನುರಾಧಾ